ರಸಬಾಳೆಯ ಕಂದನ್ನು ಕಾಯುವ ಬಗೆ
(ಬೆಟ್ಟದ ಊರುಗಳ ರೈತರಿಗೂ ವಿದ್ಯಾರ್ಥಿಗಳಿಗೂ ನೀಡಿದ ಉಪನ್ಯಾಸದ ಲಿಖಿತ ರೂಪ)



ನಂಜನಗೂಡಿನಿಂದ ಹೊರಟು ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ ಏರುವ ರಸ್ತೆ ನೀಲಗಿರಿಯನ್ನು ತಲುಪುತ್ತದೆ. ಅಲ್ಲಿ ಚಳಿಗಾಲದ ಕೆಲವು ರಾತ್ರಿಗಳಲ್ಲಿ ಆಕಾಶ ತಿಳಿಯಾಗಿ, ಗಾಳಿ ನಿಂತುಹೋಗಿ, ತಗ್ಗಿನ ಹೊಲಗಳ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ. ನೆಲವು ಹಗಲೆಲ್ಲ ಹೀರಿಕೊಂಡ ಬಿಸಿ ತಡೆಯಿಲ್ಲದೆ ಮೇಲಕ್ಕೆ ಹೋಗಿಬಿಡುವುದೂ, ಭಾರವಾದ ತಣ್ಣನೆಯ ಗಾಳಿ ಇಳಿಜಾರಿನಿಂದ ತಗ್ಗಿಗೆ ಹರಿದು ನಿಲ್ಲುವುದೂ ಇದಕ್ಕೆ ಕಾರಣ. ಬೆಳಗಾಗುವಷ್ಟರಲ್ಲಿ ಚಹಾದ ಚಿಗುರೂ ತರಕಾರಿಯ ಎಳೆಯ ಸಸಿಯೂ ಬೆಂಕಿಗೆ ಬಾಡಿದಂತೆ ಕಪ್ಪಾಗಿರುತ್ತವೆ. ಇನ್ನೂ ದೂರದ ಶೀತದೇಶಗಳಲ್ಲಿ ಹೋಸ್ಟಾ ಎಂಬ ಅಲಂಕಾರದ ಎಲೆಗಿಡವಿದೆ. ಜಪಾನ್, ಚೀನಾ, ಕೊರಿಯಾ ಇದರ ತವರು. ವಸಂತದ ಮೊದಲ ಬಿಸಿಲಿಗೆ ಅದು ಮಣ್ಣು ಸೀಳಿ ಮೊಳೆ ತೋರಿಸುತ್ತದೆ. ಆ ಮೇಲೆ ತಡವಾಗಿ ಬಂದ ಒಂದು ಹಿಮದ ರಾತ್ರಿ ಆ ಮೊಳೆಯನ್ನು ಸುಟ್ಟುಹಾಕಬಲ್ಲದು. ತೋಟಗಾರರು ಸಂಜೆ ಅದರ ಮೇಲೆ ಬಟ್ಟೆಯನ್ನೋ ಕುಂಡವನ್ನೋ ಮುಚ್ಚಿ ಬೆಳಿಗ್ಗೆ ತೆಗೆಯುತ್ತಾರೆ. ಅಪಾಯ ಮೇಲಿನಿಂದ ಬರುತ್ತದೆ, ಒಂದು ರಾತ್ರಿಯ ಮಟ್ಟಿಗೆ ಬರುತ್ತದೆ. ಆದುದರಿಂದ ಒಂದು ರಾತ್ರಿಯ ಹೊದಿಕೆ ಸಾಕಾಗುತ್ತದೆ.

ಕಪಿಲೆಯ ದಂಡೆಯ ಬಯಲಿನಲ್ಲಿ ಹಿಮ ಬೀಳುವುದಿಲ್ಲ. ಆದರೂ ಈ ಸೀಮೆಯಲ್ಲಿ ನೆಲ ಸೀಳಿಕೊಂಡು ಬರುವ ಎಳೆಯ ಮೊಳೆಯೊಂದು ದಶಕಗಳಿಂದ ಅಪಾಯದಲ್ಲಿದೆ. ಅದು ನಂಜನಗೂಡಿನ ರಸಬಾಳೆಯ ಕಂದು. ಅದಕ್ಕೆ ಬರುವ ಆಪತ್ತು ಮೇಲಿನಿಂದ ಬರುವಂಥದಲ್ಲ, ಒಂದು ರಾತ್ರಿಯದೂ ಅಲ್ಲ. ಅದು ಮಣ್ಣಿನೊಳಗಿದೆ, ಅನೇಕ ವೇಳೆ ಕಂದಿನ ಜೊತೆಯಲ್ಲಿಯೇ ತೋಟಕ್ಕೆ ಬರುತ್ತದೆ. ಇಂದಿನ ಮಾತೆಲ್ಲ ಈ ಒಂದು ಸಂಗತಿಯನ್ನು ಕುರಿತದ್ದು.

ಯುಗಾದಿ ಕಳೆದು ಅಶ್ವಿನಿ, ಭರಣಿ ಮಳೆಗಳು ಒಂದೆರಡು ಹದ ಕೊಟ್ಟರೆ ತಾಯಿಬಾಳೆಯ ಬುಡದಲ್ಲಿ ಕಂದುಗಳು ಚುರುಕಾಗುತ್ತವೆ. ಆಗ ಬೀಸುವ ಬಿರುಗಾಳಿಗೂ ಬೀಳುವ ಆಲಿಕಲ್ಲಿಗೂ ಗೊನೆ ಹೊತ್ತ ದೊಡ್ಡ ಗಿಡಗಳು ಉರುಳಬಹುದು, ಎಲೆಗಳು ಸೀಳಬಹುದು. ಎಳೆಯ ಕಂದಿಗೆ ಅದರಿಂದ ಅಷ್ಟು ಭಯವಿಲ್ಲ. ಪಟ್ಟೆಯೊಳಗೆ ಪಟ್ಟೆಯಾಗಿ ಸುತ್ತಿಕೊಂಡ ಸುಳಿ ಒಳಗೆ ಭದ್ರವಾಗಿರುತ್ತದೆ. ಮೇಲಿನ ಎಲೆ ಹರಿದರೆ ಇನ್ನೊಂದು ಎಲೆ ಹೊರಬರುತ್ತದೆ. ಮೇಲಿನ ಕಾವಲನ್ನು ಗಿಡವೇ ಮಾಡಿಕೊಂಡಿದೆ. ಕೆಳಗಿನ ಕಾವಲು ಅದರ ಕೈಯಲ್ಲಿಲ್ಲ.

ಆ ಕೆಳಗಿನ ಶತ್ರುವಿನ ಹೆಸರು ಪನಾಮ ಸೊರಗು ರೋಗ. ಫ್ಯುಸೇರಿಯಂ ಎಂಬ ಶಿಲೀಂಧ್ರ ಇದಕ್ಕೆ ಮೂಲ. ಅದು ಬೇರಿನ ಮೂಲಕ ಒಳಹೊಕ್ಕು ಗೆಡ್ಡೆಯನ್ನು ಸೇರಿ, ನೀರನ್ನು ಮೇಲಕ್ಕೊಯ್ಯುವ ನಾಳಗಳನ್ನು ಮುಚ್ಚಿಬಿಡುತ್ತದೆ. ಬುಡದಲ್ಲಿ ನೀರು ನಿಂತಿದ್ದರೂ ಗಿಡ ಬಾಯಾರಿ ಸಾಯುತ್ತದೆ. ಮೊದಲು ಕೆಳಗಿನ ಹಳೆಯ ಎಲೆಗಳು ಅಂಚಿನಿಂದ ಹಳದಿಯಾಗುತ್ತವೆ. ಆಮೇಲೆ ತೊಟ್ಟಿನ ಬಳಿ ಮುರಿದು ಗಿಡದ ಸುತ್ತ ಜೋತುಬೀಳುತ್ತವೆ. ಕೆಲವೊಮ್ಮೆ ಕಾಂಡ ಬುಡದ ಹತ್ತಿರ ಉದ್ದಕ್ಕೆ ಸೀಳುತ್ತದೆ. ಗೆಡ್ಡೆಯನ್ನು ಕತ್ತರಿಸಿ ನೋಡಿದರೆ ಬಿಳಿಯಾಗಿರಬೇಕಾದ ತಿರುಳಿನಲ್ಲಿ ಕೆಂಪು ಮಿಶ್ರಿತ ಕಂದುಬಣ್ಣದ ಗೆರೆಗಳೂ ಚುಕ್ಕೆಗಳೂ ಕಾಣುತ್ತವೆ. ನೆಟ್ಟು ಕೆಲವು ತಿಂಗಳು ಕಳೆಯುವವರೆಗೆ ಇದಾವುದೂ ಹೊರಗೆ ತೋರುವುದಿಲ್ಲ. ಆದುದರಿಂದಲೇ ಹಸಿರಾಗಿ, ಪುಷ್ಟವಾಗಿ ಕಾಣುವ ಕಂದನ್ನು ಕಂಡು ರೈತ ಮೋಸಹೋಗುತ್ತಾನೆ.

ರಸಬಾಳೆಗೆ ಈ ರೋಗ ಇಷ್ಟು ಮಾರಕವಾಗಲು ಕಾರಣವಿದೆ. ಬಾಳೆ ಬೀಜದಿಂದ ಬೆಳೆಯುವ ಬೆಳೆಯಲ್ಲ. ತಾಯಿಯ ಗೆಡ್ಡೆಯಿಂದ ಕಂದು, ಆ ಕಂದಿನಿಂದ ಮತ್ತೊಂದು ಕಂದು. ಹೀಗೆ ತೋಟದ ಗಿಡಗಳೆಲ್ಲವೂ ಒಂದೇ ಗಿಡದ ತುಂಡುಗಳಿದ್ದಂತೆ. ಒಂದು ಗಿಡ ತಾಳಲಾರದ ರೋಗವನ್ನು ಮಿಕ್ಕ ಗಿಡಗಳೂ ತಾಳಲಾರವು. ವಿಜ್ಞಾನಿಗಳು 'ಸಿಲ್ಕ್' ಎಂದು ಕರೆಯುವ ಗುಂಪಿಗೆ ರಸಬಾಳೆ ಸೇರಿದೆ. ಈ ಗುಂಪು ಸೊರಗು ರೋಗಕ್ಕೆ ಬಹು ಬೇಗ ತುತ್ತಾಗುತ್ತದೆ. ತೆಳುವಾದ ಸಿಪ್ಪೆ, ಪರಿಮಳ, ಸವಿ ಇವುಗಳಿಂದ ಹೆಸರಾದ ಈ ಹಣ್ಣು ತನ್ನ ಹೆಸರಿನ ಊರಿನ ಸುತ್ತಲಲ್ಲಿಯೇ ಅಪರೂಪವಾದದ್ದು ಹೀಗೆ. ಅನೇಕರು ಅದನ್ನು ಬಿಟ್ಟು ಏಲಕ್ಕಿಬಾಳೆಗೋ ಪಚ್ಚಬಾಳೆಗೋ ಬೇರೆ ಬೆಳೆಗೋ ತಿರುಗಿದರು.

2005-06ರ ಅವಧಿಯಲ್ಲಿ ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಸಂತೋಷದ ಸಂಗತಿಯೇ ಸರಿ. ಬೇರೆ ಪ್ರದೇಶದ ಹಣ್ಣನ್ನು ಈ ಹೆಸರಿನಲ್ಲಿ ಮಾರದಂತೆ ತಡೆಯಲು ಅದು ನೆರವಾಗುತ್ತದೆ. ಆದರೆ ಆ ಪತ್ರ ಕಾಯುವುದು ಹೆಸರನ್ನು, ಗೆಡ್ಡೆಯನ್ನಲ್ಲ. ತೋಟದಲ್ಲಿ ಗಿಡವೇ ಇಲ್ಲವಾದರೆ ಹೆಸರು ಕಡತದಲ್ಲಿ ಉಳಿಯುತ್ತದೆ, ಅಷ್ಟೇ.

ಈ ಕಷ್ಟ ಕಪಿಲೆಯ ಸೀಮೆಗೆ ಮಾತ್ರ ಬಂದದ್ದಲ್ಲ. 1876ರಲ್ಲಿಯೇ ಆಸ್ಟ್ರೇಲಿಯಾದಲ್ಲಿ ಜೋಸೆಫ್ ಬ್ಯಾಂಕ್ರಾಫ್ಟ್ ಎಂಬ ವೈದ್ಯ ಈ ರೋಗದ ಬಗೆಗೆ ಬರೆದಿದ್ದನು. ಮಧ್ಯ ಅಮೆರಿಕದಲ್ಲಿ ರಫ್ತಿಗೆ ಬೆಳೆಯುತ್ತಿದ್ದ ಗ್ರೋ ಮಿಷೆಲ್ ಎಂಬ ಬಾಳೆ ಇದೇ ರೋಗದಿಂದ 1960ರ ದಶಕದ ವೇಳೆಗೆ ಮಾರುಕಟ್ಟೆಯಿಂದ ಹೆಚ್ಚುಕಡಿಮೆ ಮರೆಯಾಯಿತು. ಅಲ್ಲಿನ ಹಣ್ಣಿನ ಕಂಪನಿಗಳು ರೋಗ ಹತ್ತಿದ ಭೂಮಿಯನ್ನು ಬಿಟ್ಟು, ಹೊಸ ಕಾಡನ್ನು ಕಡಿದು ತೋಟ ಮಾಡಿದವು; ರೋಗ ಹಿಂಬಾಲಿಸಿತು; ಮತ್ತೆ ಕಾಡು ಕಡಿದವು. ಕೊನೆಗೆ ಪಚ್ಚಬಾಳೆಯ ಬಳಗಕ್ಕೆ ಸೇರಿದ ಕ್ಯಾವೆಂಡಿಷ್ ಬಾಳೆಗೆ ಶರಣಾದವು. ಆ ಬಾಳೆಯನ್ನೂ ಕೊಲ್ಲಬಲ್ಲ ಶಿಲೀಂಧ್ರದ ಮತ್ತೊಂದು ಬಗೆ ಏಷ್ಯಾದಲ್ಲಿ ಹಬ್ಬಿ, 2019ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿಯೂ ಕಾಣಿಸಿಕೊಂಡಿತು. ಮಣ್ಣನ್ನು ಕೆಡಿಸಿಕೊಂಡು ಹೊಸ ಮಣ್ಣಿಗೆ ಓಡುವ ದಾರಿ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದನ್ನು ಕಾಡಿನ ಅಂಚಿನಲ್ಲಿ ಬಾಳುವವರು ವಿಶೇಷವಾಗಿ ಮನಗಾಣಬೇಕು.

ರೋಗ ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವುದು ಹೇಗೆ? ಮೊದಲ ದಾರಿ ಕಂದು. ನೆಂಟರ ತೋಟದಿಂದ, ನೆರೆಯವರ ತೋಟದಿಂದ ಪ್ರೀತಿಯಿಂದ ತಂದ ಕಂದಿನ ಗೆಡ್ಡೆಯಲ್ಲಿಯೂ ಅದಕ್ಕೆ ಅಂಟಿದ ಹಿಡಿ ಮಣ್ಣಿನಲ್ಲಿಯೂ ಶಿಲೀಂಧ್ರವಿರಬಹುದು. ಎರಡನೆಯದು ನೀರು. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ನಾಲೆಗಳು ಈ ಸೀಮೆಯ ಹೊಲಗಳಿಗೆ ನೀರು ತಂದವು. ಒಂದು ಗದ್ದೆಯಿಂದ ಇನ್ನೊಂದಕ್ಕೆ ಹರಿಯುವ ನೀರು ಮೇಲಿನ ತೋಟದ ರೋಗವನ್ನು ಕೆಳಗಿನ ತೋಟಕ್ಕೆ ಒಯ್ಯಬಲ್ಲದು. 2019ರ ಆಗಸ್ಟ್‌ನಲ್ಲಿ ಬಂದಂತಹ ನೆರೆಯಾದರೆ ಮಣ್ಣನ್ನೇ ಹೊತ್ತು ಸಾಗುತ್ತದೆ. ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವುದರಿಂದ ಟಿ. ನರಸೀಪುರದ ರೈತನು ನಂಜನಗೂಡಿನ ರೈತನ ಎಚ್ಚರವನ್ನು ನಂಬಿ ಬಾಳಬೇಕಾಗಿದೆ. ಮೂರನೆಯ ದಾರಿ ಗುದ್ದಲಿ, ಕತ್ತಿ, ನೇಗಿಲು, ಟ್ರ್ಯಾಕ್ಟರಿನ ಚಕ್ರ ಮತ್ತು ಕಾಲಿಗೆ ಅಂಟಿದ ಕೆಸರು. ಒಮ್ಮೆ ಹೊಕ್ಕ ಶಿಲೀಂಧ್ರ ಬಾಳೆಯಿಲ್ಲದಿದ್ದರೂ ಗಟ್ಟಿ ಕವಚದ ಕಣಗಳಾಗಿ ದಶಕಗಳ ಕಾಲ ಮಣ್ಣಿನಲ್ಲಿ ಉಳಿಯಬಲ್ಲದು. ರೋಗ ಹಿಡಿದ ಗಿಡವನ್ನು ಗುಣಪಡಿಸುವ ಔಷಧಿಯಿಲ್ಲ.

ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಕಂದನ್ನು ರೋಗವಿಲ್ಲದ ತೋಟದಿಂದ ಮಾತ್ರ ತರಬೇಕು. ತಾಯಿಗಿಡವನ್ನೂ ಅದರ ಸುತ್ತಲಿನ ಗಿಡಗಳನ್ನೂ ಕಣ್ಣಾರೆ ನೋಡದೆ ತರಬಾರದು. ಅಗಲವಾದ ಎಲೆಯ ನೀರುಗಂದನ್ನು ಬಿಟ್ಟು, ಕತ್ತಿಯಂತೆ ಕಿರಿದಾದ ಎಲೆಯ, ಬುಡ ದಪ್ಪಗಿರುವ ಕಂದನ್ನು ಆರಿಸಬೇಕು. ಮಣ್ಣನ್ನೂ ಹಳೆಯ ಬೇರನ್ನೂ ಅಲ್ಲಿಯೇ ಹೆರೆದು, ತಿರುಳು ಬಿಳಿಯಾಗಿದೆಯೇ ಎಂದು ನೋಡಬೇಕು. ಕೆಂಪು ಗೆರೆ ಕಂಡರೆ ಅದನ್ನು ನೆಡಲೇಬಾರದು. ಅಂಗಾಂಶ ಕೃಷಿಯ ಸಸಿಗಳು ಈ ದೃಷ್ಟಿಯಿಂದ ಉತ್ತಮ. ಆದರೆ ಅವು ರೋಗವಿಲ್ಲದ ಸಸಿಗಳೇ ಹೊರತು ರೋಗವನ್ನು ತಾಳುವ ಸಸಿಗಳಲ್ಲ. ಕೆಟ್ಟ ಮಣ್ಣಿನಲ್ಲಿ ನೆಟ್ಟರೆ ಅವೂ ಸೊರಗುತ್ತವೆ.

ತೋಟದಲ್ಲಿ ಒಂದು ಗಿಡ ಸೊರಗಿದರೆ ಅದರ ಕಂದುಗಳನ್ನು ಯಾರಿಗೂ ಕೊಡಬಾರದು. ಗಿಡವನ್ನು ಗೆಡ್ಡೆಸಹಿತ ಕಿತ್ತು ಅಲ್ಲಿಯೇ ನಾಶಮಾಡಿ, ಗುಂಡಿಗೆ ಸುಣ್ಣ ಹಾಕಬೇಕು. ನಾಲೆಗೋ ಹಳ್ಳಕ್ಕೋ ಎಸೆಯುವುದು ಕೆಳಗಿನ ಊರುಗಳಿಗೆ ರೋಗವನ್ನು ಕಳುಹಿಸಿದಂತೆ. ರೋಗ ಕಂಡ ಭೂಮಿಗೆ ಕೆಲವು ವರ್ಷ ಭತ್ತ ಹಾಕಿ ನೀರು ನಿಲ್ಲಿಸುವುದರಿಂದ ರೋಗದ ಬಲ ಕುಗ್ಗುತ್ತದೆ. ಪೂರ್ತಿ ಅಳಿಯುತ್ತದೆ ಎಂದು ನಂಬಬಾರದು. ಕೊಟ್ಟಿಗೆ ಗೊಬ್ಬರದಲ್ಲಿ ಟ್ರೈಕೋಡರ್ಮವನ್ನು ಬೆಳೆಸಿ ನೆಡುವಾಗಲೇ ಕೊಡುವುದು ನೆರವಾಗಬಹುದು.

ಬೆಟ್ಟದ ಊರುಗಳಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕಾಗಿದೆ. ಬಾಳೆಯನ್ನೇ ಕಾಣದ, ರೋಗ ಕಾಲಿಡದ ಹೊಲಗಳು ಅಲ್ಲಿ ಇನ್ನೂ ಇವೆ. ರಸಬಾಳೆಯನ್ನು ಉಳಿಸಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ಬಯಲಿನ ಕಂದುಗಳನ್ನು ಚೀಲದಲ್ಲಿ ತುಂಬಿ ಮೇಲಕ್ಕೆ ಒಯ್ದರೆ, ಮಣ್ಣೂ ಕೆಟ್ಟು ಬಾಳೆಯೂ ಉಳಿಯದೆ ಹೋಗಬಹುದು. ಮೇಲಿನ ಹೊಲದಲ್ಲಿ ಹೊಕ್ಕ ರೋಗ ಮಳೆನೀರಿನೊಡನೆ ಕೆಳಗಿನ ಹೊಲಗಳಿಗೂ ಇಳಿಯುತ್ತದೆ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೂ ಇದೆ. ತಮ್ಮ ಊರಿನ ಹೊಲಗಳ ನಕ್ಷೆ ಬರೆದು, ಬಾಳೆ ಎಲ್ಲಿದೆ, ಎಲ್ಲಿ ಸೊರಗಿದೆ, ಯಾವ ವರ್ಷ ಸೊರಗಿತು, ಕಂದು ಎಲ್ಲಿಂದ ಬಂತು, ನೀರು ಯಾವ ಕಡೆ ಹರಿಯುತ್ತದೆ ಎಂಬುದನ್ನು ಹಿರಿಯರಿಂದ ಕೇಳಿ ಗುರುತಿಸಬಹುದು. ನೋಡಲು ಹೋದಾಗ ಒಂದು ತೋಟದ ಕೆಸರನ್ನು ತೊಳೆದುಕೊಂಡೇ ಇನ್ನೊಂದಕ್ಕೆ ಕಾಲಿಡಬೇಕು. ಅಂತಹ ನಕ್ಷೆಯಿರುವ ಊರಿನಲ್ಲಿ ಯಾವ ಹೊಲದಲ್ಲಿ ರಸಬಾಳೆ ನೆಡಬಹುದು, ಯಾವುದರಲ್ಲಿ ಬಾರದು ಎಂಬುದನ್ನು ಊರವರೇ ಕೂಡಿ ನಿರ್ಧರಿಸಬಹುದು.

ಮುಂದಿನ ಭರಣಿ ಮಳೆಗೆ ಯಾರಾದರೂ ಕಂದು ಕೇಳಿ ಬಂದಾಗ ಕೊಡುವವರೂ ಕೊಳ್ಳುವವರೂ ಗೆಡ್ಡೆಯನ್ನು ಹೆರೆದು ತಿರುಳು ನೋಡುವ ಪದ್ಧತಿಯನ್ನು ಪ್ರಾರಂಭಿಸಲಿ. ನಂಟಸ್ತಿಕೆಗೆ ಅದರಿಂದ ಕುಂದಿಲ್ಲ.