ಬಯಲಿನಲ್ಲಿ ಆ ಮಗುವಿಗೂ ಎಡೆಯಿರಲಿ

ಅಹಮದಾಬಾದ್, ವಡೋದರಾ, ಸೂರತ್‌ಗಳಿಂದ ಬಂದಿರುವ ಕನ್ನಡ ಬಂಧುಗಳೇ,

ರಾಜ್ಯೋತ್ಸವದ ವೇದಿಕೆಯಲ್ಲಿ ಸ್ವಲೀನತೆಯ, ಅಂದರೆ ಆಟಿಸಂನ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಇಂಥ ಮಗುವಿರುವ ಕೆಲವು ಮನೆಯವರು ನಮ್ಮ ಸಮಾರಂಭಗಳಿಗೆ ಬರುವುದನ್ನೇ ನಿಲ್ಲಿಸಿದ್ದನ್ನು ನಾನು ಕಂಡಿದ್ದೇನೆ. ಊರು ಬಿಟ್ಟು ಬಂದವರಿಗೆ ಸಂಘವೂ ದೂರವಾದರೆ ಉಳಿಯುವುದೇನು?

ಸ್ವಲೀನತೆಯು ಮಿದುಳಿನ ಬೆಳವಣಿಗೆಯಲ್ಲಿನ ಭಿನ್ನತೆ. ತಾಯಿತಂದೆಯರ ಪಾಲನೆಯ ದೋಷವಲ್ಲ. 1943ರಲ್ಲಿ ಲಿಯೋ ಕ್ಯಾನರ್ ಇದನ್ನು ವಿವರಿಸಿದ್ದರೂ ನಮ್ಮ 1995ರ ಅಂಗವಿಕಲರ ಕಾಯಿದೆಯಲ್ಲಿ ಇದರ ಹೆಸರಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ, ಅನಂತರ 2016ರ ಹಕ್ಕುಗಳ ಕಾಯಿದೆ ಇದನ್ನು ಗುರುತಿಸಿದವು.

ವ್ಯಾಯಾಮವು ಸ್ವಲೀನತೆಯನ್ನು ಅಳಿಸುವುದಿಲ್ಲ. ಆದರೆ ನಡಿಗೆ, ಓಟ, ಈಜು ಈ ಮಕ್ಕಳ ತಳಮಳವನ್ನು ತಗ್ಗಿಸಿ ನಿದ್ರೆಗೆ ನೆರವಾಗಬಲ್ಲವೆಂದು ಅಧ್ಯಯನಗಳು ಸೂಚಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ 5ರಿಂದ 17 ವರ್ಷದ ಅಂಗವಿಕಲ ಮಕ್ಕಳಿಗೂ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆಯನ್ನು ಹೇಳಿದೆ. ಮಾತಿನಲ್ಲಿ ಹೇಳಲಾಗದ ಕಳವಳಕ್ಕೆ ದೇಹದ ಚಲನೆ ಒಂದು ದಾರಿಯಾಗುತ್ತದೆ.

ಇದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಸಾಬರಮತಿಯ ದಂಡೆ, ವಡೋದರಾದ ಸಯಾಜಿ ಬಾಗ್, ಸೂರತ್ತಿನ ಬಡಾವಣೆಯ ಉದ್ಯಾನ ಸಾಕು. ಅದೇ ವೇಳೆ, ಅದೇ ದಾರಿ, ಒಮ್ಮೆಗೆ ಒಂದೇ ಸೂಚನೆ. ಸ್ಪರ್ಧೆ ಬೇಡ, ಬಲವಂತ ಬೇಡ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಹೊರಡಬೇಕು. ನೀರಿನ ಬಳಿ ಕ್ಷಣವೂ ಕಣ್ಣು ತಪ್ಪಬಾರದು. ಈ ಮಕ್ಕಳಲ್ಲಿ ಮುಳುಗುವ ಅಪಾಯ ಹೆಚ್ಚು.

ನಾವು ನೆಲಸಿದ ನಾಡಿನ ಗರ್ಬಾವನ್ನೇ ನೋಡಿರಿ. ಸುತ್ತುವ ವೃತ್ತ, ಮರಳಿ ಮರಳಿ ಬರುವ ಹೆಜ್ಜೆ, ಚಪ್ಪಾಳೆಯ ಲಯ: ಇವು ಕೆಲವು ಮಕ್ಕಳಿಗೆ ಬಲು ಹಿತ. ಧ್ವನಿವರ್ಧಕದ ಅಬ್ಬರವಾದರೋ ಹಿಂಸೆ. ಮುಂದಿನ ನವರಾತ್ರಿಯಲ್ಲಿ ಸಂಜೆಯ ಮೊದಲ ಅರ್ಧ ಗಂಟೆ ಧ್ವನಿವರ್ಧಕವಿಲ್ಲದೆ, ಬರಿಯ ಚಪ್ಪಾಳೆಯೊಡನೆ ನಾವೇಕೆ ಆಡಬಾರದು?

ಇನ್ನೊಂದು ಮಾತು. ಮಗು ಗೊಂದಲಗೊಳ್ಳುವುದೆಂದು ಹೆದರಿ ಕೆಲವರು ಮನೆಯಲ್ಲಿ ಕನ್ನಡವನ್ನೇ ಬಿಡುತ್ತಾರೆ. ಎರಡು ಭಾಷೆಗಳಿಂದ ಸ್ವಲೀನ ಮಕ್ಕಳ ನುಡಿಗಲಿಕೆಗೆ ಹಾನಿಯಾಗುವುದೆಂದು ಸಂಶೋಧನೆಗಳು ತೋರಿಸಿಲ್ಲ. ‘ನಡೆ’, ‘ನಿಲ್ಲು’, ‘ಹಾರು’ ಎಂದು ಬಯಲಿನಲ್ಲಿ ಅಮ್ಮನ ನುಡಿಯಲ್ಲೇ ಹೇಳಿರಿ.

ನನ್ನ ಬೇಡಿಕೆ ಚಿಕ್ಕದು. ಮೂರೂ ನಗರಗಳ ಸಂಘದವರು ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಈ ಮಕ್ಕಳೊಡನೆ ಒಂದು ಗಂಟೆ ನಡೆಯಲಿ. ನಮ್ಮ ಇತರ ಮಕ್ಕಳೂ ಜೊತೆಗಿರಲಿ. ಮಗು ಕೂಗಿದರೆ, ಕೈ ಬೀಸಿದರೆ ತಿರುಗಿ ದಿಟ್ಟಿಸದಿರೋಣ. ಅಷ್ಟಾದರೆ ದೂರವಾದ ಮನೆಗಳು ಮರಳಿ ಬಂದಾವು.