ಮನೆಯೊಳಗಿನ ಕಳ್ಳಿಗಿಡ: ಆಯ್ಕೆ ಮತ್ತು ಆರೈಕೆ

(ಸಂಸ್ಥೆಯ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಈ ಸಲ ಬಹುಮಾನ ಪಡೆದ ಮಕ್ಕಳಿಗೆ ಫಲಕದ ಬದಲು ಒಂದೊಂದು ಕಳ್ಳಿಗಿಡದ ಕುಂಡ ಕೊಡಬೇಕೆಂದು ನಮ್ಮ ಸಮಿತಿ ತೀರ್ಮಾನಿಸಿದೆ. ಫಲಕವನ್ನು ಗೋಡೆಗೆ ತೂಗುಹಾಕಿದರೆ ಕೆಲಸ ಮುಗಿಯಿತು. ಗಿಡ ಹಾಗಲ್ಲ, ಅದಕ್ಕೆ ಜೀವವಿದೆ. ಮುಂದಿನ ವರ್ಷ ನೀವು ಇದೇ ಸಭೆಗೆ ಬರುವಾಗ ಆ ಗಿಡ ಬದುಕಿರಬೇಕಾದರೆ ಕೆಲವು ವಿಷಯಗಳು ನಿಮಗೆ ತಿಳಿದಿರಬೇಕು. ಅದಕ್ಕಾಗಿಯೇ ಈ ಮಾತು.

ಮೊದಲು ಒಂದು ಸತ್ಯ ಹೇಳಿಬಿಡುತ್ತೇನೆ. ಮನೆಯೊಳಗಿನ ಕಳ್ಳಿಗಿಡ ಬಾಯಾರಿಕೆಯಿಂದ ಸಾಯುವುದು ಅಪರೂಪ. ಹೆಚ್ಚಿನವು ಸಾಯುವುದು ನೀರು ಹೆಚ್ಚಾಗಿ. ನಾವು ಪ್ರೀತಿಯಿಂದ ದಿನಾ ಒಂದು ಲೋಟ ನೀರು ಹುಯ್ಯುತ್ತೇವೆ, ಬೇರು ಕೊಳೆಯುತ್ತದೆ. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಈ ಗಿಡಕ್ಕೆ ಅಕ್ಷರಶಃ ಅನ್ವಯಿಸುತ್ತದೆ. ಆದ್ದರಿಂದ ಪ್ರೀತಿಗಿಂತ ಮೊದಲು ತಿಳುವಳಿಕೆ ಬೇಕು.

ಕಳ್ಳಿ ಎಂದರೆ ಯಾವುದು?

ನಾವು ಕಳ್ಳಿ ಎಂದು ಕರೆಯುವುದೆಲ್ಲ ಕ್ಯಾಕ್ಟಸ್ ಅಲ್ಲ. ಹಳ್ಳಿಯ ಬೇಲಿಗಳಲ್ಲಿರುವ, ಮುರಿದರೆ ಬಿಳಿ ಹಾಲು ಒಸರುವ ಕಳ್ಳಿಗಳು ಯೂಫೋರ್ಬಿಯೇಸಿ ಎಂಬ ಬೇರೆಯೇ ಕುಟುಂಬಕ್ಕೆ ಸೇರಿದವು. ಆ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ನಿಜವಾದ ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ಹತ್ತಿಯ ಉಂಡೆಯಂತಹ ಪುಟ್ಟ ದಿಂಬುಗಳಿಂದ ಗುಂಪಾಗಿ ಹೊರಡುತ್ತವೆ. ಗುರುತು ಹಿಡಿಯಲು ಇದೇ ಸುಲಭದ ಉಪಾಯ. ಒಂದು ಜಾತಿಯನ್ನು ಬಿಟ್ಟರೆ ಇವೆಲ್ಲದರ ತವರು ಅಮೆರಿಕ ಖಂಡಗಳು.

ನಮ್ಮ ಬಯಲುಸೀಮೆಯ ಪಾಪಾಸುಕಳ್ಳಿಯೂ ಹಾಗೆ ಹೊರಗಿನಿಂದ ಬಂದದ್ದೇ. ಕೆಂಪು ಬಣ್ಣ ಕೊಡುವ ಕೊಚಿನೀಲ್ ಕೀಟವನ್ನು ಇದರ ಮೇಲೆ ಸಾಕಬೇಕೆಂದು ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, 1795ರಲ್ಲಿ, ಬ್ರೆಜಿಲ್‌ನಿಂದ ಕೀಟ ತರಿಸಿದರು. ಬಂದದ್ದು ಬೇರೆ ಜಾತಿಯ ಕೀಟ. ಒಳ್ಳೆಯ ಬಣ್ಣ ಸಿಗಲಿಲ್ಲ, ಬದಲಿಗೆ ಅದು ಒಂದು ಬಗೆಯ ಪಾಪಾಸುಕಳ್ಳಿಯನ್ನೇ ತಿಂದು ಮುಗಿಸತೊಡಗಿತು. ಜೀವಿಯ ಸ್ವಭಾವ ತಿಳಿಯದೆ ಕೈಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ನಿಮ್ಮಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಈಗಾಗಲೇ ಕ್ಯಾಕ್ಟಸ್ ಇದೆ, ನಿಮಗೆ ಗೊತ್ತಿಲ್ಲ ಅಷ್ಟೆ. ಮಳೆಗಾಲದ ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಬಾಡುವ, ನಾವು ಬ್ರಹ್ಮಕಮಲ ಎಂದು ಕರೆಯುವ ಗಿಡ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡಿನ ಕ್ಯಾಕ್ಟಸ್. ಹಿಮಾಲಯದ ಬ್ರಹ್ಮಕಮಲ ಬೇರೆ ಗಿಡ. ಈಗ ನಮ್ಮ ರೈತರು ಬೆಳೆಯುತ್ತಿರುವ ಡ್ರ್ಯಾಗನ್ ಹಣ್ಣು ಕೂಡ ಕ್ಯಾಕ್ಟಸ್ಸೇ.

ಆಯ್ಕೆ

ಅಂಗಡಿಯಲ್ಲಿ ಚೆಂದ ಕಂಡದ್ದನ್ನು ತರುವ ಮೊದಲು ನಿಮ್ಮ ಮನೆಯ ಕಿಟಕಿಯನ್ನು ನೋಡಿ. ದಿನಕ್ಕೆ ನಾಲ್ಕು ಗಂಟೆಯಾದರೂ ಬಿಸಿಲು ಬೀಳುವ ಕಿಟಕಿ ಇದ್ದರೆ ಮ್ಯಾಮಿಲೇರಿಯಾ, ಜಿಮ್ನೊಕ್ಯಾಲಿಸಿಯಂ ಮುಂತಾದ ಸಣ್ಣ ದುಂಡು ಜಾತಿಗಳನ್ನು ತನ್ನಿ. ಚಿನ್ನದ ಬಣ್ಣದ ಮುಳ್ಳಿನ ಗೋಲ್ಡನ್ ಬ್ಯಾರೆಲ್‌ಗೆ ಇನ್ನೂ ಹೆಚ್ಚು ಬಿಸಿಲು ಬೇಕು. ಅದಕ್ಕೆ ಮಳೆ ಬೀಳದ ಬಾಲ್ಕನಿಯೇ ವಾಸಿ. ತೆಂಗಿನ ತೋಟದ ನಡುವಿನ ಮನೆ, ಬೆಳಕು ಬರುತ್ತದೆ ಆದರೆ ಬಿಸಿಲು ಬರುವುದಿಲ್ಲ ಎನ್ನುವವರು ಬ್ರಹ್ಮಕಮಲದಂತಹ ಕಾಡಿನ ಜಾತಿಗಳನ್ನು ಸಾಕಬಹುದು. ಇವು ಮರದ ನೆರಳಲ್ಲಿ ಬೆಳೆಯುವಂಥವು. ನಮ್ಮ ಕರಾವಳಿಯ ತೇವದ ಹವೆಯೂ ಇವಕ್ಕೆ ಒಗ್ಗುತ್ತದೆ.

ಕೊಳ್ಳುವಾಗ ಗಿಡದ ಬುಡವನ್ನು ನೋಡಿ. ಗಟ್ಟಿಯಾಗಿರಬೇಕು, ಕಂದಾಗಿ ಮೆತ್ತಗಾಗಿರಬಾರದು. ಮುಳ್ಳಿನ ಸಂದುಗಳಲ್ಲಿ ಬಿಳಿ ಹತ್ತಿಯಂತಹ ಹುಳುವಿದ್ದರೆ ಬಿಟ್ಟುಬಿಡಿ. ಕಾಗದದಂತಹ ಹೂವನ್ನು ಗಮ್ ಹಾಕಿ ಅಂಟಿಸಿ, ಬಣ್ಣ ಬಳಿದು ಮಾರುವುದೂ ಉಂಟು, ಮೋಸಹೋಗಬೇಡಿ. ಕೆಂಪು, ಹಳದಿ ಬಣ್ಣದ ಚೆಂಡು ಹೊತ್ತ ಗಿಡವೊಂದಿದೆ. ಆ ಚೆಂಡಿನಲ್ಲಿ ಹಸಿರು ಹರಿತ್ತು ಇಲ್ಲ, ತನ್ನ ಆಹಾರ ತಾನು ಮಾಡಿಕೊಳ್ಳಲಾರದು. ಕೆಳಗಿನ ಹಸಿರು ಕಾಂಡಕ್ಕೆ ಕಸಿ ಕಟ್ಟಿದ್ದರಿಂದ ಬದುಕಿದೆ. ಅದಕ್ಕೆ ಆಯುಸ್ಸು ಕಡಿಮೆ. ಹೊಸಬರಿಗೆ ಅದು ಬೇಡ.

ಚಿಕ್ಕ ಮಕ್ಕಳಿರುವ ಮನೆಗೆ ಮೊಲದ ಕಿವಿಯಂತಹ ಹಾಳೆಗಳ ಪುಟ್ಟ ಪಾಪಾಸುಕಳ್ಳಿಯನ್ನೂ ತರಬೇಡಿ. ದೊಡ್ಡ ಮುಳ್ಳಿಲ್ಲವೆಂದು ಮಕ್ಕಳು ಮುಟ್ಟುತ್ತಾರೆ. ಅದರ ಮೈಮೇಲಿನ ನವಿರು ಮುಳ್ಳುಗಳು ನೂರಾರು ಸಂಖ್ಯೆಯಲ್ಲಿ ಚರ್ಮಕ್ಕೆ ಹೊಕ್ಕು ದಿನಗಟ್ಟಲೆ ಕಾಡುತ್ತವೆ.

ಮಣ್ಣು, ಬೆಳಕು, ನೀರು

ಕುಂಡದ ಅಡಿಯಲ್ಲಿ ತೂತು ಇರಲೇಬೇಕು. ಗಿಡಕ್ಕಿಂತ ಒಂದಂಗುಲ ಅಗಲದ ಮಣ್ಣಿನ ಕುಂಡ ಸಾಕು. ದೊಡ್ಡ ಕುಂಡದಲ್ಲಿ ಒದ್ದೆ ಹೆಚ್ಚು ದಿನ ನಿಲ್ಲುತ್ತದೆ. ನಮ್ಮ ಕೆಂಪು ಮಣ್ಣನ್ನೇ ತುಂಬಿದರೆ ಅದು ನೀರು ಬಿದ್ದಂತೆ ಗಟ್ಟಿಯಾಗುತ್ತದೆ. ಒಂದು ಪಾಲು ಮಣ್ಣು, ಒಂದು ಪಾಲು ತೊಳೆದ ದಪ್ಪ ಹೊಳೆ ಮರಳು, ಒಂದು ಪಾಲು ಕುಟ್ಟಿದ ಹಂಚಿನ ಚೂರು, ಒಂದು ಹಿಡಿ ಚೆನ್ನಾಗಿ ಕಳಿತ ಗೊಬ್ಬರ ಸೇರಿಸಿ. ಒಡೆದ ಮಂಗಳೂರು ಹಂಚು ನಮ್ಮಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ. ಕಡಲ ಮರಳು ಮಾತ್ರ ಬೇಡ, ಅದರಲ್ಲಿ ಉಪ್ಪಿದೆ. ಕಾಡಿನ ಜಾತಿಗಳಿಗೆ ಗೊಬ್ಬರದ ಪಾಲು ಸ್ವಲ್ಪ ಹೆಚ್ಚಿರಲಿ.

ಕುಂಡವನ್ನು ಕಿಟಕಿಯ ಪಕ್ಕದಲ್ಲೇ ಇಡಿ. ಕೋಣೆಯ ಮಧ್ಯದ ಟೀಪಾಯಿ ಮೇಲೆ ಅದು ಅಲಂಕಾರವೇ ಹೊರತು ಬದುಕಲಾರದು. ಗಿಡದ ತುದಿ ತೆಳ್ಳಗೆ, ಬಿಳಿಚಿಕೊಂಡು ಉದ್ದವಾಗುತ್ತಿದ್ದರೆ ಬೆಳಕು ಸಾಲದು ಎಂದರ್ಥ. ಆದರೆ ನೆರಳಲ್ಲಿದ್ದುದನ್ನು ಒಮ್ಮೆಗೇ ಸುಡುಬಿಸಿಲಿಗೆ ಇಟ್ಟರೆ ಮೈ ಸುಟ್ಟು ಕಲೆಯಾಗುತ್ತದೆ. ಒಂದೆರಡು ವಾರದಲ್ಲಿ ಮೆಲ್ಲಮೆಲ್ಲನೆ ಒಗ್ಗಿಸಿ.

ನೀರಿಗೆ ವಾರದ ಲೆಕ್ಕ ಬೇಡ. ಹಿಡಿಸೂಡಿಯ ಒಂದು ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ ತೆಗೆಯಿರಿ. ಮಣ್ಣು ಅಂಟಿ ಬಂದರೆ ನೀರು ಬೇಡ. ಒಣಗಿ ಬಂದರೆ ತೂತಿನಿಂದ ಹೊರಬರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಬೇಸಿಗೆಯಲ್ಲಿ ಇದು ಎಂಟು ಹತ್ತು ದಿನಕ್ಕೊಮ್ಮೆ ಬರಬಹುದು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಆಗ ಮರುಭೂಮಿಯ ಜಾತಿಗಳಿಗೆ ತಿಂಗಳಿಗೊಮ್ಮೆಯೂ ನೀರು ಬೇಕಾಗದಿರಬಹುದು. ಈ ನಾಲ್ಕು ತಿಂಗಳು ದಾಟಿಸಿದಿರಾದರೆ ನಿಮ್ಮ ಗಿಡ ಗೆದ್ದಿತೆಂದೇ ತಿಳಿಯಿರಿ.

ಇಷ್ಟು ಕಡಿಮೆ ನೀರು ಸಾಕಾಗುವುದು ಹೇಗೆ? ಬೇರೆ ಗಿಡಗಳು ಹಗಲಿನಲ್ಲಿ ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಗಾಳಿ ಪಡೆಯುವಾಗ ನೀರಿನ ಅಂಶವನ್ನೂ ಕಳೆದುಕೊಳ್ಳುತ್ತವೆ. ಕ್ಯಾಕ್ಟಸ್ ತನ್ನ ರಂಧ್ರಗಳನ್ನು ತಂಪಾದ ರಾತ್ರಿಯಲ್ಲಿ ತೆರೆದು, ಇಂಗಾಲದ ಡೈ ಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲಿನ ಬೆಳಕಿನಲ್ಲಿ ಅದರಿಂದ ಆಹಾರ ತಯಾರಿಸುತ್ತದೆ. ಸೃಷ್ಟಿಕರ್ತನ ಈ ಏರ್ಪಾಡು ಎಷ್ಟು ಸೂಕ್ಷ್ಮ ನೋಡಿ! ಅದಕ್ಕೇ ಇದರ ಬೆಳವಣಿಗೆ ನಿಧಾನ, ಅವಸರಪಡಿಸಲು ಗೊಬ್ಬರ ಸುರಿಯಬೇಡಿ.

ಬಿಳಿ ಹುಳು ಕಂಡರೆ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿ. ಬುಡ ಕೊಳೆತರೆ ಗಾಬರಿ ಬೇಡ. ಶುಚಿಯಾದ ಚಾಕುವಿನಿಂದ ಆರೋಗ್ಯವಾದ ಹಸಿರು ಭಾಗ ಕಾಣುವವರೆಗೆ ಮೇಲಕ್ಕೆ ಕತ್ತರಿಸಿ, ಒಂದು ವಾರ ನೆರಳಲ್ಲಿ ಗಾಯ ಒಣಗಿಸಿ, ಹೊಸ ಮಣ್ಣಿನಲ್ಲಿಡಿ. ಹೆಚ್ಚಿನ ಸಲ ಬೇರು ಬರುತ್ತದೆ. ಕುಂಡ ಬದಲಿಸುವಾಗ ಹಳೆಯ ಪತ್ರಿಕೆಯನ್ನು ಪಟ್ಟಿಯಾಗಿ ಮಡಚಿ ಗಿಡಕ್ಕೆ ಸುತ್ತಿ ಹಿಡಿದರೆ ಕೈಗೆ ಮುಳ್ಳು ತಾಗದು.

ಎರಡು ತಪ್ಪು ನಂಬಿಕೆಗಳು

ನೀವು ಈ ಕುಂಡವನ್ನು ಮನೆಗೆ ಒಯ್ದಾಗ, ಮುಳ್ಳಿನ ಗಿಡ ಮನೆಯೊಳಗಿದ್ದರೆ ಜಗಳ, ಅಪಶಕುನ ಎಂದು ಯಾರಾದರೂ ಹೇಳಬಹುದು. ಶಕುನ ನೋಡುವುದನ್ನು ನಮ್ಮ ಧರ್ಮ ಒಪ್ಪುವುದಿಲ್ಲ. ಉಮ್ಮನಿಗಾಗಲೀ ಅಜ್ಜಿಗಾಗಲೀ ಎದುರು ವಾದಿಸದೆ, ಇದನ್ನು ವಿನಯದಿಂದ ತಿಳಿಸಿ. ಹಾಗೆಯೇ ಕಂಪ್ಯೂಟರ್ ಪಕ್ಕ ಇಟ್ಟರೆ ಕ್ಯಾಕ್ಟಸ್ ವಿಕಿರಣ ಹೀರುತ್ತದೆ ಎಂಬ ಮಾತಿಗೂ ಆಧಾರವಿಲ್ಲ. ಒಂದು ಹಳೆಯ ಮೂಢನಂಬಿಕೆ, ಇನ್ನೊಂದು ಹೊಸದು. ವಿದ್ಯಾವಂತರು ಎರಡನ್ನೂ ಬಿಡಬೇಕು.

ಕಾಡಿನ ಗಿಡ ಕಾಡಿನಲ್ಲೇ ಇರಲಿ

2015ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಅಧ್ಯಯನದ ಪ್ರಕಾರ ಕ್ಯಾಕ್ಟಸ್ ಜಾತಿಗಳಲ್ಲಿ ಶೇಕಡಾ 31ರಷ್ಟು ಅಳಿವಿನ ಭೀತಿಯಲ್ಲಿವೆ. ಶೋಕಿಗಾಗಿ ಕಾಡಿನಿಂದ ಕದಿಯುವುದು ಇದಕ್ಕೊಂದು ಮುಖ್ಯ ಕಾರಣ. 2020ರಲ್ಲಿ ಇಟಲಿಯ ಪೊಲೀಸರು ಚಿಲಿ ದೇಶದ ಅಟಕಾಮಾ ಮರುಭೂಮಿಯಿಂದ ಕದ್ದುತಂದಿದ್ದ ಸಾವಿರಕ್ಕೂ ಹೆಚ್ಚು ಗಿಡಗಳನ್ನು ವಶಪಡಿಸಿಕೊಂಡರು. 2021ರಲ್ಲಿ 844 ಗಿಡಗಳು ತವರಿಗೆ ಮರಳಿದವು. ಗೋಲ್ಡನ್ ಬ್ಯಾರೆಲ್ ನರ್ಸರಿಗಳಲ್ಲಿ ಲೆಕ್ಕವಿಲ್ಲದಷ್ಟಿದ್ದರೂ ಮೆಕ್ಸಿಕೋದ ತನ್ನ ನೆಲದಲ್ಲಿ ಅಪಾಯದಲ್ಲಿದೆ. ಆದ್ದರಿಂದ ಬೀಜದಿಂದ ಅಥವಾ ಮರಿಯಿಂದ ಬೆಳೆಸಿದ ನರ್ಸರಿ ಗಿಡವನ್ನೇ ಕೊಳ್ಳಿ. ಗೆಳೆಯರಿಂದ ಮರಿ ಪಡೆದರೆ ಇನ್ನೂ ಒಳ್ಳೆಯದು, ಖರ್ಚೂ ಇಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಅರಬಿ ಭಾಷೆಯಲ್ಲಿ ಕಳ್ಳಿಗಿಡಕ್ಕೆ ಸಬ್ಬಾರ್ ಎನ್ನುತ್ತಾರೆ. ಸಹನೆ ಎಂಬರ್ಥದ ಸಬ್ರ್ ಪದದ ಮೂಲಾಕ್ಷರಗಳೇ ಇದಕ್ಕೂ ಮೂಲ. 1948ರಲ್ಲಿ ನಾಶವಾದ ಫೆಲೆಸ್ತೀನಿನ ಅನೇಕ ಹಳ್ಳಿಗಳಲ್ಲಿ ಮನೆಗಳು ಉಳಿಯಲಿಲ್ಲ. ಆದರೆ ಬೇಲಿಯ ಪಾಪಾಸುಕಳ್ಳಿ ಮತ್ತೆ ಚಿಗುರಿ, ಇಲ್ಲೊಂದು ಊರಿತ್ತು ಎಂದು ದಶಕಗಳ ಕಾಲ ಸಾರುತ್ತಾ ಬಂದಿತು.

ಇಂದು ನಿಮ್ಮ ಕೈಗೆ ಬರುವ ಕುಂಡ ಒಂದು ಅಮಾನತ್. ಅಮಾನತನ್ನು ಕಾಯುವುದೆಂದರೆ ಅದಕ್ಕೆ ನಮಗೆ ತೋಚಿದ್ದನ್ನು ಕೊಡುವುದಲ್ಲ, ಅದಕ್ಕೆ ಏನು ಬೇಕೋ ಅದನ್ನು ಬೇಕಾದಾಗ ಕೊಡುವುದು. ವುಝೂ ಮಾಡುವಾಗಲೂ ನೀರು ಪೋಲಾಗಬಾರದು ಎಂದು ಕಲಿತ ಸಮುದಾಯ ನಮ್ಮದು. ಮಿತವಾಗಿ ನೀರೆರೆಯುವುದು ನಮಗೆ ಕಷ್ಟವಾಗಬಾರದು. ಹಾಸ್ಟೆಲ್‌ನಲ್ಲಿರುವವರು ಪರೀಕ್ಷೆಯ ರಜೆಗೆ ಊರಿಗೆ ಹೋಗುವಾಗ ಗಿಡವನ್ನು ಕಿಟಕಿಯ ಬಳಿ ಬಿಟ್ಟು ನಿಶ್ಚಿಂತೆಯಿಂದ ಹೋಗಿ. ಮೂರು ವಾರ ಅದು ನಿಮಗಾಗಿ ಕಾಯುತ್ತದೆ.

ಅಲ್ಲಾಹನು ನಮಗೆಲ್ಲರಿಗೂ ಪ್ರಯೋಜನಕಾರಿ ಜ್ಞಾನವನ್ನು ದಯಪಾಲಿಸಲಿ, ಆಮೀನ್. ವಸ್ಸಲಾಮ್.