ಹಿಂದಿರುಗಿ ಬಂದ ಹತ್ತನೆಯವನು



ಜೀವಸ್ವರೂಪನಾದ ದೇವರನ್ನು ಸ್ತುತಿಸುವುದೇ ನಮ್ಮ ಬಲ ಎಂಬುದು ಈ ಸಮಾವೇಶದ ವಿಷಯ. ನಾನು ಹೇಳಬೇಕೆಂದುಕೊಂಡದ್ದು ಒಂದೇ ಮಾತು. ಸ್ತುತಿಯಿಂದ ಬಲ ಬಂದದ್ದು ನಿಜವಾದರೆ, ಆ ಬಲ ನಮ್ಮನ್ನು ಯಾರ ಬಳಿಗೆ ನಡೆಸಿತು ಎಂದು ಕೇಳಿಕೊಳ್ಳಬೇಕು.

ಲೂಕನ ಸುವಾರ್ತೆಯ 17ನೆಯ ಅಧ್ಯಾಯದ ಹತ್ತು ಮಂದಿ ಕುಷ್ಠರೋಗಿಗಳ ಪ್ರಸಂಗ ನಿಮಗೆಲ್ಲ ಗೊತ್ತು. ಅವರು ಹತ್ತಿರ ಬರುವಂತಿರಲಿಲ್ಲ. ದೂರದಲ್ಲೇ ನಿಂತು ಕೂಗಿ ಬೇಡಿಕೊಂಡರು. ಯಾಜಕರಿಗೆ ಮೈ ತೋರಿಸಿಕೊಳ್ಳಿರೆಂದು ಯೇಸುಸ್ವಾಮಿ ಕಳಿಸಿದರು. ದಾರಿಯಲ್ಲೇ ಗುಣವಾಯಿತು. ಅವರಲ್ಲಿ ಒಬ್ಬ, ಅದೂ ಸಮಾರ್ಯದವನು, ಗಟ್ಟಿಯಾಗಿ ದೇವರನ್ನು ಕೊಂಡಾಡುತ್ತ ಹಿಂದಿರುಗಿ ಬಂದು ಪಾದಕ್ಕೆ ಬಿದ್ದ. ಉಳಿದ ಒಂಬತ್ತು ಮಂದಿಯನ್ನು ನಮ್ಮ ಪ್ರಸಂಗಪೀಠಗಳು ಬೈಯುತ್ತಲೇ ಬಂದಿವೆ. ನನಗೆ ಅದು ಪೂರ್ತಿ ನ್ಯಾಯವೆನಿಸುವುದಿಲ್ಲ. ಹೋಗಿ ಎಂದರು, ಹೋದರು, ಅಪ್ಪಣೆ ಮೀರಿದವರಲ್ಲ. ಹತ್ತನೆಯವನಾದರೋ ಅಪ್ಪಣೆಯಲ್ಲಿ ಇಲ್ಲದ್ದನ್ನೂ ಮಾಡಿದ. ದೂರ ನಿಂತು ಬೇಡಿದ ಗಂಟಲಿನಿಂದಲೇ ಹತ್ತಿರ ಬಂದು ಸ್ತುತಿಸಿದ. ಶುದ್ಧಿಯಾದದ್ದು ಹತ್ತೂ ಮಂದಿಗೆ, ನಂಬಿಕೆಯಿಂದ ರಕ್ಷಣೆ ದೊರೆಯಿತೆಂಬ ಮಾತು ಕೇಳಿದ್ದು ಅವನೊಬ್ಬನೇ. ಅದೇ ಮಾತಿನಲ್ಲಿ ಯೇಸುಸ್ವಾಮಿ ಅವನನ್ನು ಎಬ್ಬಿಸಿ ಕಳಿಸಿದರು. ಎದ್ದು ಹೋಗೆಂಬ ಮಾತನ್ನು ನಾವು ಅವಸರದಲ್ಲಿ ಓದಿಬಿಡುತ್ತೇವೆ. ಪಾದಕ್ಕೆ ಬಿದ್ದವನು ಎದ್ದು ಜನರ ನಡುವೆ ನಡೆಯಬೇಕಾಗಿತ್ತು.

ಈ ಪ್ರಸಂಗವನ್ನೇ ನಾನು ಆರಿಸಿಕೊಂಡದ್ದಕ್ಕೆ ಕಾರಣ ನಮ್ಮ ಬೆಂಗಳೂರಿನ ಮಾಗಡಿ ರಸ್ತೆಯಲ್ಲಿದೆ. ಅಲ್ಲಿನ ಸುಮನಹಳ್ಳಿ ಎಂದರೆ ಇವತ್ತು ಹೆಚ್ಚಿನವರಿಗೆ ಹೊರವರ್ತುಲ ರಸ್ತೆಯ ಮೇಲ್ಸೇತುವೆ, ವಾಹನಗಳ ಸಾಲು. 1970ರ ದಶಕದ ಕೊನೆಯಲ್ಲಿ ಅಲ್ಲಿ ಸರ್ಕಾರ ಕೊಟ್ಟ ಜಾಗದಲ್ಲಿ ಬೆಂಗಳೂರು ಕಥೋಲಿಕ ಮಹಾಧರ್ಮಪ್ರಾಂತ್ಯ ಕುಷ್ಠರೋಗಿಗಳ ಚಿಕಿತ್ಸೆಗೂ ಪುನರ್ವಸತಿಗೂ ಕೈಹಾಕಿತು. ಆಗಿನ್ನೂ ಇಂದಿನ ಬಹುಔಷಧ ಚಿಕಿತ್ಸೆ ಬಂದಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿದ್ದು 1981ರಲ್ಲಿ. ಡ್ಯಾಪ್ಸೋನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಬೇಕಿತ್ತು. ರೋಗ ಗೊತ್ತಾದೊಡನೆ ಎಷ್ಟೋ ಮನೆಗಳು ಬಾಗಿಲು ಹಾಕಿಕೊಳ್ಳುತ್ತಿದ್ದವು. ಅಂಥವರ ಹುಣ್ಣು ತೊಳೆದು ಪಟ್ಟಿ ಕಟ್ಟಬೇಕು, ಕಸುಬು ಕಲಿಸಬೇಕು, ದುಡಿದು ಉಣ್ಣುವ ಹಾಗೆ ಮಾಡಬೇಕು. ಬೆಳಿಗ್ಗೆ ಎದ್ದು ಕೀರ್ತನೆಗಳನ್ನು ಹೇಳಿ ದೇವರನ್ನು ಸ್ತುತಿಸಿದ ಮೇಲೆಯೇ ಕೆಲಸಕ್ಕೆ ಇಳಿಯುವುದು ಅಲ್ಲಿ ದುಡಿದ ಸನ್ಯಾಸ ಸಭೆಗಳ ಕ್ರಮ. ಕೀರ್ತನೆ ಹಾಡಿದವರೇ ಹುಣ್ಣು ತೊಳೆಯಲು ಕೂತರು. ಸ್ತುತಿಯ ಬಲಕ್ಕೆ ನಾನು ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ಹುಡುಕುವುದಿಲ್ಲ.

ಗುಣವಾಗದವರ ಮಾತೇನು? ಔಷಧ ರೋಗಾಣುವನ್ನು ಕೊಲ್ಲುತ್ತದೆ, ಕಳೆದುಹೋದ ಬೆರಳನ್ನು ಮರಳಿ ಕೊಡುವುದಿಲ್ಲ. ಹಬಕ್ಕೂಕನ ಗ್ರಂಥದ ಕೊನೆಯಲ್ಲಿ ಅಂಜೂರ ಚಿಗುರಲಿಲ್ಲ, ದ್ರಾಕ್ಷಿ ಫಲಿಸಲಿಲ್ಲ, ಹೊಲ ಬೆಳೆಯಲಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ. ಆದರೂ ಪ್ರವಾದಿ ದೇವರಲ್ಲಿ ಹರ್ಷಿಸಿ ಆತನನ್ನೇ ತನ್ನ ಬಲವೆನ್ನುತ್ತಾನೆ. ಅಷ್ಟು ಬರಗಾಲದ ಹಾಡನ್ನು ತಂತಿವಾದ್ಯದೊಂದಿಗೆ ಹಾಡಲು ಗಾಯಕರ ನಾಯಕನ ಕೈಗೆ ಕೊಡಲಾಗಿದೆ. ಎಂದರೆ ಒಬ್ಬನ ನೋವಿನ ಹಾಡನ್ನು ಇಡೀ ಸಭೆ ಹಾಡಿತು. ಹಾಸಿಗೆ ಹಿಡಿದವರಿಗೆ, ನಿಮಗೆ ನಂಬಿಕೆ ಸಾಲದು, ಇನ್ನೂ ಜೋರಾಗಿ ಸ್ತುತಿಸಿದರೆ ವಾಸಿಯಾಗುತ್ತದೆ ಎನ್ನುವ ಬೋಧನೆ ನಮ್ಮ ನಡುವೆಯೂ ಕಾಲಿಟ್ಟಿದೆ. ಅದು ಕ್ರೌರ್ಯ. ಅದಕ್ಕೆ ನಮ್ಮ ವೇದಿಕೆಗಳಲ್ಲಿ ಜಾಗ ಕೊಡಬಾರದು.

ಹಾಡಿನ ಬಗೆಗೂ ಎರಡು ಮಾತು. 1862ರಲ್ಲೇ ಮಿಷನರಿ ಕಿಟೆಲ್ ಅವರು ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ತಂದರು. ಎರಡನೆಯ ವ್ಯಾಟಿಕನ್ ಸಭೆ 1963ರಲ್ಲಿ ಜನರ ಭಾಷೆಯ ಆರಾಧನೆಗೆ ದಾರಿ ಮಾಡಿಕೊಟ್ಟಿತು. ಸಾಮಾನ್ಯರ ಮಾತಿನಲ್ಲೇ ದೇವರೊಡನೆ ಮಾತನಾಡಿದ ಹನ್ನೆರಡನೆಯ ಶತಮಾನದ ಶರಣರ ನೆನಪು ಹೊತ್ತ ಬಸವೇಶ್ವರನಗರದಲ್ಲಿ ಬದುಕುವ ನಮಗೆ ಇದರ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಈಚೆಗೆ ವೇದಿಕೆಯ ಮೇಲೆ ನಾಲ್ಕೈದು ಮಂದಿ ಮೈಕ್ ಹಿಡಿದು ಹಾಡುತ್ತಾರೆ, ಸಭೆ ಕೇಳುತ್ತ ನಿಲ್ಲುತ್ತದೆ. ಯುವಕರ ಹುಮ್ಮಸ್ಸನ್ನು ನಾನು ತಡೆಯುವವನಲ್ಲ. ಧ್ವನಿವರ್ಧಕವನ್ನು ತಗ್ಗಿಸಿ ಹಿಂದಿನ ಸಾಲಿನ ಅಜ್ಜಿಯ ದನಿಯೂ ಕೇಳುವಂತೆ ಹಾಡಿಸಿ ಎಂದಷ್ಟೇ ಅವರನ್ನು ಬೇಡುತ್ತೇನೆ.

ಕೊನೆಗೆ ಒಂದು ಕೆಲಸ. 2005ರ ಡಿಸೆಂಬರಿನಲ್ಲಿ ಭಾರತ ಕುಷ್ಠರೋಗ ನಿರ್ಮೂಲನದ ಗುರಿ ಮುಟ್ಟಿತು. ಹತ್ತು ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆ ಎಂಬುದು ಅದರ ಅರ್ಥ, ರೋಗ ಮಾಯವಾಯಿತೆಂದಲ್ಲ. ಚರ್ಮದ ಮೇಲೆ ಬಿಳಿಚಿದ ಅಥವಾ ಕೆಂಪಾದ, ಮುಟ್ಟಿದರೆ ಅರಿವಾಗದ ಮಚ್ಚೆ ಇದ್ದರೆ ತಡಮಾಡದೆ ತೋರಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತ. ರೋಗದ ಬಗೆಯನ್ನು ನೋಡಿ ಆರು ತಿಂಗಳು ಇಲ್ಲವೇ ಒಂದು ವರ್ಷ ಸಾಕು. ಇದನ್ನು ಪ್ರತಿಯೊಂದು ಸಭೆಯೂ ಭಾನುವಾರದ ಪ್ರಕಟಣೆಗಳಲ್ಲಿ ಹೇಳಲಿ, ಮನೆಕೂಟಗಳಲ್ಲಿ ಹೇಳಲಿ. ಗುಣವಾದವರು ಬಂದರೆ ನಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳೋಣ, ಕೆಲಸ ಕೇಳಿದರೆ ಕೊಡೋಣ. ಈ ಸಮಾವೇಶದಿಂದ ಹೋಗುವ ಮುನ್ನ ನಿಮ್ಮ ನಿಮ್ಮ ಸಭೆಯಲ್ಲಿ ಈ ಕೆಲಸದ ಹೊಣೆ ಯಾರದೆಂದು ತೀರ್ಮಾನಿಸಿಕೊಂಡೇ ಹೋಗಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.